ಒಳ್ಳೆಯ ಎಲೆಯ ಮೇಲೆ ಹೊರಿಸಿದ ಸುಳ್ಳು

ದಿನವಿಡೀ ಚಹಾ ಹೀರಿ ಒಂದು ಗುಟುಕನ್ನೂ ನುಂಗದೆ ಮನೆಗೆ ಬರುವುದೇ ಅವನ ಕಸುಬು. ಚಹಾ ಕಂಪನಿಯೊಂದರಲ್ಲಿ ಅವನು ರುಚಿಗಾರ. ಬಿಸಿಲು ನೇರವಾಗಿ ಬೀಳದ ಕಿಟಕಿಗಳಿರುವ ಉದ್ದನೆಯ ಕೋಣೆ, ಸೊಂಟಕ್ಕಿಂತ ತುಸು ಎತ್ತರದ ಮೇಜು, ಮೇಜಿನ ಮೇಲೆ ಸಾಲಾಗಿ ನಿಂತ ಬಿಳಿಯ ಪಿಂಗಾಣಿ ಬಟ್ಟಲುಗಳು. ಒಂದೊಂದು ಬಟ್ಟಲಿನ ಹಿಂದೆ ಅದರದರ ಒಣ ಎಲೆ, ಪಕ್ಕದಲ್ಲಿ ಬೆಂದು ಅರಳಿದ ಎಲೆ. ಅವನು ಚಮಚದಲ್ಲಿ ಎತ್ತಿಕೊಂಡು, ಪಕ್ಕದ ಕೋಣೆಗೂ ಕೇಳಿಸುವಂತೆ ಸರ್ರನೆ ಎಳೆದು, ನಾಲಿಗೆಯ ಮೇಲೆ ಒಮ್ಮೆ ಹೊರಳಿಸಿ, ಗಾಲಿಯಿರುವ ಎತ್ತರದ ಪೀಕದಾನಿಗೆ ಉಗುಳಿ, ಅದನ್ನು ಮೊಣಕಾಲಿನಿಂದಲೇ ತಳ್ಳುತ್ತ ಮುಂದಿನ ಬಟ್ಟಲಿಗೆ ಸರಿಯುತ್ತಿದ್ದ. ಇದು ಸಪ್ಪೆ, ಇದಕ್ಕೆ ಹೊಗೆ ಹತ್ತಿದೆ, ಇದು ನಡೆಯುತ್ತದೆ ಎಂದು ಅವನು ಆಡುವ ಒಂದೆರಡು ಮಾತಿನ ಮೇಲೆ ಗೋದಾಮಿನಲ್ಲಿದ್ದ ಮೂಟೆಗಳ ಹಣೆಬರಹ ನಿಂತಿತ್ತು. ಮಗ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ನಿಮ್ಮಪ್ಪನಿಗೆ ಏನು ಕೆಲಸ ಎಂದು ಮೇಷ್ಟ್ರು ಕೇಳಿದ್ದಕ್ಕೆ, ಉಗುಳುವ ಕೆಲಸ ಸಾರ್, ಅದಕ್ಕೆ ಸಂಬಳವನ್ನೂ ಕೊಡುತ್ತಾರೆ ಎಂದು ಹೇಳಿ ಬಂದಿದ್ದನಂತೆ.

ನುಂಗಲೆಂದೇ ಕುಡಿಯುವ ಚಹಾ ಅವನಿಗೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಎರಡೂ ಸೊಸೆಯ ಜೊತೆಗೆ. ಹೆಂಡತಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಯಾರೂ ಅವನಿಂದ ಕಸಿದುಕೊಳ್ಳದೆ ಉಳಿದ ಕೆಲಸ ಚಹಾ ಮಾಡುವುದೊಂದೇ. ಉಳಿದುದಕ್ಕೆಲ್ಲ, ನೀವು ಸುಮ್ಮನೆ ಕೂತುಕೊಳ್ಳಿ ಎಂದು ಗೌರವದಿಂದ ಬದಿಗೆ ಸರಿಸುತ್ತಿದ್ದರು. ಮಗ ಚಹಾ ಮುಟ್ಟುವವನಲ್ಲ. ಬಿಸಿನೀರು ಕುಡಿದು, ಅದರ ಗುಣಗಾನವನ್ನು ಬೇರೆಯವರಿಗೆ ಕುಡಿಸುವವನು. ಸೊಸೆ ಮಾತ್ರ ದೊಡ್ಡ ಲೋಟ ಹಿಡಿದು, ಮೊದಲು ಮೂಸಿ, ಆಮೇಲೆ ಕುಡಿದು, ಇದು ಮಳೆ ನಿಂತ ಮೇಲೆ ಕಿತ್ತ ಎಲೆಯಲ್ಲವೇ ಮಾವ, ಇದಕ್ಕೆ ಎರಡು ತೋಟದ್ದು ಬೆರೆಸಿದ್ದೀರಲ್ಲವೇ ಎಂದು ಊಹೆ ಹೇಳುತ್ತಿದ್ದಳು. ಅವಳ ಊಹೆಗಳು ಒಂದೂ ಸರಿಬರುತ್ತಿರಲಿಲ್ಲ. ಆದರೂ ಅವನು ಅದಕ್ಕಾಗಿಯೇ ಬೇಗ ಎದ್ದು ಕಾಯುತ್ತಿದ್ದ.

ಆಕೆ ಸರಕು ಯಾರ್ಡಿನಲ್ಲಿ ಕ್ರೇನ್ ನಡೆಸುವವಳು. ಏಣಿ ಹತ್ತಿ ಗಾಜಿನ ಕ್ಯಾಬಿನ್ನಿನಲ್ಲಿ ಕುಳಿತರೆ, ಕೆಳಗಿನ ಲಾರಿಗಳು ಅವಳಿಗೆ ಬೆಂಕಿಪೊಟ್ಟಣದಷ್ಟು. ಜೊತೆಯ ಕೆಲಸಗಾರರು ಅವಳಿಗೆ ‘ಮೇಲ್ಮನೆ’ ಎಂದು ಅಡ್ಡಹೆಸರಿಟ್ಟಿದ್ದರು. ಮೇಲ್ಮನೆಯವರು ಒಪ್ಪದೆ ಇಲ್ಲಿ ಒಂದು ಪೆಟ್ಟಿಗೆಯೂ ಅಲುಗುವುದಿಲ್ಲ ಎನ್ನುತ್ತಿದ್ದರು. ಆ ಹೆಸರು ಅವಳಿಗೆ ಒಳಗೊಳಗೇ ಪ್ರಿಯವಾಗಿತ್ತು.

ಒಂದು ಮಧ್ಯಾಹ್ನ ಏಣಿ ಇಳಿಯುವಾಗ ಅವಳಿಗೆ ಕಣ್ಣು ಕತ್ತಲಿಟ್ಟಿತು. ಬೀಳಲಿಲ್ಲ, ಸರಳನ್ನು ಅಪ್ಪಿ ಹಿಡಿದು, ಕತ್ತಲು ಸರಿಯುವ ತನಕ ನಿಂತು, ಆಮೇಲೆ ಇಳಿದಳು. ಆದರೆ ಕೆಳಗೆ ನಿಂತಿದ್ದವರು ಕಂಡಿದ್ದರು. ಯಾರ್ಡಿನ ಆರೋಗ್ಯ ಕೊಠಡಿಯ ದಾದಿ ರಕ್ತ ತೆಗೆದು ನೋಡಿ, ರಕ್ತದಲ್ಲಿ ಕಬ್ಬಿಣಾಂಶವೇ ಇಲ್ಲ, ಮೇಲೆ ಹತ್ತುವ ಮಾತು ಬೇಡ ಎಂದಳು. ದಿನಕ್ಕೊಂದು ಮಾತ್ರೆ, ತಿಂಗಳಿಗೊಮ್ಮೆ ಪರೀಕ್ಷೆ, ರಕ್ತ ಏರುವವರೆಗೆ ಉಗ್ರಾಣದಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಕೆಲಸ. ಮೂರು ತಿಂಗಳೊಳಗೆ ರಕ್ತ ಏರದಿದ್ದರೆ ಕ್ಯಾಬಿನ್ನು ಬೇರೆಯವರ ಪಾಲು ಎಂದು ಸುರಕ್ಷಾಧಿಕಾರಿ ಮೊದಲೇ ತಿಳಿಸಿಬಿಟ್ಟ.

ಮಾತ್ರೆಯ ಜವಾಬ್ದಾರಿಯನ್ನು ಮಾವನೇ ವಹಿಸಿಕೊಂಡ. ನೀರಿನಲ್ಲಿ ನುಂಗಿದ ಮಾತ್ರೆ ಗಂಟಲಲ್ಲಿಯೇ ಮುನಿಸಿಕೊಂಡು ಕೂರುತ್ತದೆ ಎನ್ನುವುದು ಅವನ ಖಚಿತ ನಂಬಿಕೆ. ಆ ಮನೆಯಲ್ಲಿ ತಲೆನೋವಿಗೆ ಚಹಾ, ಹೊಟ್ಟೆಯುಬ್ಬರಕ್ಕೆ ಚಹಾ, ಕಣ್ಣು ಊದಿಕೊಂಡರೆ ಚಹಾದ ಚರಟ ಕಟ್ಟಿದ ಬಟ್ಟೆ. ಬಿಸಿಲಿಗೆ ಸುಟ್ಟ ಕುತ್ತಿಗೆಗೂ ಅದೇ. ಹೀಗಿರುವಾಗ ಬಡಪಾಯಿ ಮಾತ್ರೆಯೊಂದಕ್ಕೆ ನೀರು ಕೊಡುವುದೆಂದರೇನು? ಅವನು ಪ್ರತಿ ಬೆಳಿಗ್ಗೆ ತನ್ನ ಕೋಣೆಯ ಪದ್ಧತಿಯಂತೆ ಎಲೆಯನ್ನು ಚೆನ್ನಾಗಿ ನೆನೆಗೊಟ್ಟು, ಗಡುಸಾದ ಚಹಾ ಇಳಿಸಿ, ಅಂಗೈಯಲ್ಲಿ ಮಾತ್ರೆ ಇಟ್ಟು ಕೊಡುತ್ತಿದ್ದ. ಅವಳು ಎದುರಿಗೇ ನುಂಗುತ್ತಿದ್ದಳು. ಗುಣವಾಗಲೆಂದು ಅವನು ಇನ್ನೂ ಅರ್ಧ ಲೋಟ ಸುರಿಯುತ್ತಿದ್ದ.

ಮೊದಲ ತಿಂಗಳು ರಕ್ತ ಏರಲಿಲ್ಲ. ಎರಡನೆಯ ತಿಂಗಳೂ ಏರಲಿಲ್ಲ. ದಾದಿ ಕನ್ನಡಕದ ಮೇಲಿಂದ ನೋಡಿ ಕೇಳಿದಳು:

“ಏನಮ್ಮ, ಮಾತ್ರೆ ನೀನು ನುಂಗ್ತಿದ್ದೀಯೋ, ಇಲ್ಲ ನಿಮ್ಮನೆ ಕಿಟಕಿ ಆಚೆ ಇರೋ ಗಿಡ ನುಂಗ್ತಿದೆಯೋ?”

ಸೊಸೆ ಮನೆಗೆ ಬಂದು ಇದನ್ನು ನಗುತ್ತಲೇ ಹೇಳಿದಳು. ಮಗ ನಗಲಿಲ್ಲ. ಅವನು ವಿದ್ಯುತ್ ಮೀಟರುಗಳ ಇನ್ಸ್‌ಪೆಕ್ಟರು. ಬೇರೆಯವರ ಮನೆಯ ಗೋಡೆಯಲ್ಲಿ ಅಡಗಿದ ಕಳ್ಳ ತಂತಿಯನ್ನು ಹುಡುಕುವುದೇ ಅವನ ಹೊಟ್ಟೆಪಾಡು. ಲೆಕ್ಕ ತಾಳೆಯಾಗದ ಕಡೆ ಯಾರೋ ಕೈಯಾಡಿಸಿದ್ದಾರೆ ಎಂಬುದರ ಹೊರತು ಬೇರೆ ಕಾರಣ ಇರಬಹುದೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಈ ಮಾತ್ರೆಯಿಂದ ಹೊಟ್ಟೆ ತೊಳಸುತ್ತದೆ, ಹಲವರು ಬಾಯಲ್ಲಿಟ್ಟುಕೊಂಡು ಆಮೇಲೆ ಉಗುಳುತ್ತಾರೆ ಎಂದು, ಅವನು ಫೋನು ಮಾಡಿ ಕೇಳಿದಾಗ ದಾದಿ ಹೇಳಿದ್ದಳಂತೆ. ರುಚಿಗಾರ ಅಡ್ಡ ಬಂದ. ತಾನೇ ಕೈಯಾರೆ ಕೊಡುತ್ತೇನೆ, ತನ್ನ ಕಣ್ಣೆದುರೇ ನುಂಗುತ್ತಾಳೆ ಎಂದು ಸಾಕ್ಷಿ ನುಡಿದ. ಕೊಟ್ಟಿದ್ದನ್ನು ನೋಡಿದಿರಿ, ನುಂಗಿದ್ದನ್ನು ನೋಡಿದಿರಾ ಎಂದು ಮಗ ಕೇಳಿದ. ಉಗುಳುವುದನ್ನು ಈ ಮನೆಯಲ್ಲಿ ಯಾರಿಗೂ ಹೊಸದಾಗಿ ಹೇಳಿಕೊಡಬೇಕಿಲ್ಲ ಎಂದು ಸೇರಿಸಿದ. ಮಾತು ತಮಾಷೆಯದೇ. ಆದರೆ ಮರುದಿನ ಬೆಳಿಗ್ಗೆ ಅವನು ಕುರ್ಚಿಯೆಳೆದು ಹೆಂಡತಿಯ ಎದುರಿಗೆ ಕೂತ.

“ಬಾಯಿ ತೆಗಿ. ನಾಲಿಗೆ ಎತ್ತು.”

ಅವಳು ಒಮ್ಮೆ ಗಂಡನನ್ನೂ ಒಮ್ಮೆ ಮಾವನನ್ನೂ ನೋಡಿದಳು. ಆಮೇಲೆ ಬಾಯಿ ತೆಗೆದು ನಾಲಿಗೆ ಎತ್ತಿ ತೋರಿಸಿದಳು. ಗಂಡ ಬಗ್ಗಿ, ಮೀಟರಿನ ಪೆಟ್ಟಿಗೆಯೊಳಗೆ ನೋಡುವ ಹಾಗೆಯೇ ನೋಡಿದ. ಅವನಿಗೆ ಹೆಂಡತಿಯ ಮೇಲೆ ಪ್ರೀತಿಯಿರಲಿಲ್ಲವೆಂದಲ್ಲ. ಅವಳು ಏಣಿಯಿಂದ ಬೀಳುವ ಕನಸು ಬಿದ್ದು ಅವನು ಬೆವರಿ ಏಳುತ್ತಿದ್ದುದುಂಟು. ಭಯಕ್ಕೆ ಅವನು ಕಂಡುಕೊಂಡ ಮದ್ದು ತಪಾಸಣೆ.

ಅದಾಗಿ ಕೆಲವೇ ದಿನಗಳಲ್ಲಿ ಚಹಾ ಕಂಪನಿಯಲ್ಲಿ ಒಂದು ಉಪನ್ಯಾಸ ಏರ್ಪಾಡಾಯಿತು. ಹೊಸ ಪೊಟ್ಟಣದ ಮೇಲೆ ಆರೋಗ್ಯದ ನಾಲ್ಕು ಮಾತು ಅಚ್ಚು ಹಾಕಬೇಕೆಂದು ಮಾರಾಟ ವಿಭಾಗದವರಿಗೆ ಆಸೆಯಾಗಿ, ಆಹಾರತಜ್ಞೆಯೊಬ್ಬಳನ್ನು ಕರೆಸಿದ್ದರು. ರುಚಿಗಾರರನ್ನೂ ಹಿಂದಿನ ಸಾಲಿನಲ್ಲಿ ಕೂರಿಸಿದರು. ಆಕೆ ಚಹಾದ ಬಗ್ಗೆ ಒಳ್ಳೆಯದನ್ನೇ ಹೇಳಿದಳು. ಮನಸ್ಸನ್ನು ಎಚ್ಚರವಾಗಿಡುತ್ತದೆ, ಆದರೆ ಕಾಫಿಯಷ್ಟು ದಡಬಡಿಸುವುದಿಲ್ಲ. ಸಕ್ಕರೆ ಸುರಿಯದಿದ್ದರೆ ಹೃದಯಕ್ಕೂ ಕೆಡುಕಿಲ್ಲ. ಬರಿ ಹೊಟ್ಟೆಗೆ ಮಾತ್ರ ಕೆಲವರಿಗೆ ಆಗದು. ರುಚಿಗಾರ ತನ್ನ ಮಗಳನ್ನು ಯಾರೋ ಹೊಗಳುತ್ತಿರುವಂತೆ ತಲೆದೂಗುತ್ತಿದ್ದ. ಕೊನೆಗೆ ಆಕೆ, ಒಂದು ಎಚ್ಚರಿಕೆ ಮಾತ್ರ ಇದೆ ಎಂದಳು. ಚಹಾದಲ್ಲಿರುವ ಒಗರು ಆಹಾರದ ಕಬ್ಬಿಣವನ್ನು ಹೊಟ್ಟೆಯಲ್ಲಿಯೇ ಹಿಡಿದುಕೊಂಡುಬಿಡುತ್ತದೆ, ಮೈಗೆ ಹತ್ತಲು ಬಿಡುವುದಿಲ್ಲ. ರಕ್ತ ಕಡಿಮೆಯಿರುವವರು ಊಟದ ಜೊತೆ ಚಹಾ ಕುಡಿಯಬಾರದು. ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರಂತೂ ಹಿಂದೆ ಮುಂದೆ ಒಂದೆರಡು ಗಂಟೆ ಅದರ ತಂಟೆಗೇ ಹೋಗಬಾರದು.

ಇದನ್ನು ಪೊಟ್ಟಣದ ಮೇಲೆ ಹಾಕುವುದು ಬೇಡ ಅಲ್ಲವೇ ಎಂದು ಮಾರಾಟದ ಮುಖ್ಯಸ್ಥ ಕೇಳಿದ. ಎಲ್ಲರೂ ನಕ್ಕರು.

ರುಚಿಗಾರನ ತಲೆದೂಗುವಿಕೆ ಆಗಲೇ ನಿಂತಿತ್ತು. ಹೊಸ ವಿಷಯ ಕೇಳಿದ್ದರಿಂದಲ್ಲ. ಹಳೆಯ ವಿಷಯವನ್ನೇ ಕೇಳಿದ್ದರಿಂದ. ಹಿಂದೊಮ್ಮೆ ರುಚಿ ಕೋಣೆಯ ಕೊಳಾಯಿ ಬದಲಿಸಿದಾಗ ಕಂಪನಿಯವರು ಅಗ್ಗಕ್ಕೆ ಸಿಕ್ಕಿತೆಂದು ಕಬ್ಬಿಣದ ಪೈಪು ಹಾಕಿಸಿದ್ದರು. ಮರುದಿನ ಬಟ್ಟಲುಗಳಲ್ಲಿ ಇಳಿದದ್ದು ಚಹಾವಲ್ಲ, ಶಾಯಿ. ನೀಲಿಗಪ್ಪು ಬಣ್ಣ, ಸತ್ತ ರುಚಿ. ತುಕ್ಕಿನ ಕಬ್ಬಿಣವನ್ನು ಎಲೆಯ ಒಗರು ತಬ್ಬಿಕೊಂಡರೆ ಹಾಗಾಗುತ್ತದೆ ಎಂದು ಆಡಳಿತದವರಿಗೆ ಪಾಠ ಹೇಳಿದವನು ಇವನೇ. ಪೈಪು ತೆಗೆಯುವ ತನಕ ಬಾಯಿಗೆ ಚಮಚ ಇಡುವುದಿಲ್ಲವೆಂದು ಹಟ ಹಿಡಿದು ಗೆದ್ದವನೂ ಇವನೇ. ಅಂದಿನಿಂದ ಕೆಲಸ ಕಲಿಯಲು ಬಂದವರಿಗೆಲ್ಲ ಅವನ ಮೊದಲ ಪಾಠ, ಕಬ್ಬಿಣವೂ ಚಹಾವೂ ಭೇಟಿಯಾಗದಂತೆ ನೋಡಿಕೊಳ್ಳಿ ಎಂಬುದು. ಕಬ್ಬಿಣದಿಂದ ಚಹಾವನ್ನು ಕಾಪಾಡುತ್ತ ಆಯುಷ್ಯ ಕಳೆದವನಿಗೆ, ಚಹಾದಿಂದ ಕಬ್ಬಿಣವನ್ನು ಕಾಪಾಡಬೇಕಾದ ಜಾಗವೂ ಒಂದಿದೆ ಎಂಬುದು ಹೊಳೆಯಲೇ ಇಲ್ಲ. ಬಟ್ಟಲಿನಾಚೆಗೆ ಚಹಾ ಎಲ್ಲಿಗೆ ಹೋಗುತ್ತದೆಂದು ಯೋಚಿಸುವ ಅಗತ್ಯ ಅವನ ಕಸುಬಿಗೆ ಬಿದ್ದಿರಲಿಲ್ಲ. ಎರಡು ತಿಂಗಳು ಅವನು ಸೊಸೆಯ ಹೊಟ್ಟೆಯಲ್ಲಿ ಪ್ರತಿ ಬೆಳಿಗ್ಗೆ ಅದೇ ಶಾಯಿಯನ್ನು ಕಲಸಿದ್ದ. ಅದೂ ಅರ್ಧ ಲೋಟ ಹೆಚ್ಚಿಗೆ.

ಬಸ್ಸಿನಲ್ಲಿ ಅವನು ಹೇಳಬೇಕಾದ ವಾಕ್ಯವನ್ನು ಮತ್ತೆ ಮತ್ತೆ ಜೋಡಿಸಿದ. ಮನೆಯ ಮೆಟ್ಟಿಲು ಹತ್ತುವಾಗಲೂ ಅದು ನಾಲಿಗೆಯ ತುದಿಯಲ್ಲಿಯೇ ಇತ್ತು. ಬಾಗಿಲು ತೆರೆದವಳು ಸೊಸೆ. ಕೈಯಲ್ಲಿ ತೊಳೆದ ಲೋಟ. ಎಷ್ಟು ಹೊತ್ತು ಮಾವ, ನಿಮ್ಮ ಚಹಾ ಇಲ್ಲದೆ ಸಂಜೆಯೇ ಆಗಿಲ್ಲ ಎಂದಳು. ವಾಕ್ಯ ಹಿಂದಕ್ಕೆ ಹೋಯಿತು. ನಾಳೆ ಹೇಳಿದರಾಯಿತು ಎಂದುಕೊಂಡ. ಆ ಮನೆಯಲ್ಲಿ ತಾನು ಕೊಡಬಲ್ಲ ವಸ್ತು ಅದೊಂದೇ ಆಗಿತ್ತು. ಅದೇ ವಿಷವೆಂದು ತನ್ನ ಬಾಯಿಂದಲೇ ಹೇಳಿಕೊಂಡ ಮೇಲೆ ತಾನು ಅಲ್ಲಿ ಯಾರು? ತಲೆನೋವೆಂದು ನೆಪ ಹೇಳಿ ಕೋಣೆಗೆ ಹೋದ. ತಲೆನೋವಿಗೆ ಚಹಾ ಬೇಡವೆಂದದ್ದನ್ನು ಕೇಳಿ ಸೊಸೆ ಗಾಬರಿಯಾದಳು.

ಮರುದಿನ ಬೆಳಿಗ್ಗೆ ಮಗ ಆಗಲೇ ಕುರ್ಚಿಯಲ್ಲಿದ್ದ. ರುಚಿಗಾರ ನಿಂಬೆಹಣ್ಣು ಹಿಂಡಿದ ನೀರನ್ನು ಸೊಸೆಯ ಮುಂದಿಟ್ಟ. ಚಹಾ ಎಲ್ಲಿ ಎಂದು ಅವಳು ಕೇಳಿದಳು.

“ಆ ಎಲೆಗೆ ಮುಗ್ಗಲು ಹತ್ತಿದೆ ಮಗು. ಕುಡಿಯೋ ಹಾಗಿಲ್ಲ.”

ಇಷ್ಟು ವರ್ಷಗಳಲ್ಲಿ ಅವನು ಎಲೆಯ ವಿಷಯದಲ್ಲಿ ಸುಳ್ಳಾಡಿದ್ದು ಅದೇ ಮೊದಲು. ತಮ್ಮ ಸರಕನ್ನು ಚೂರು ಮೇಲೆತ್ತಿ ಹೇಳಿ ಎಂದು ಬಂದ ದಲ್ಲಾಳಿಗಳನ್ನು ಅವನು ಬಾಗಿಲ ಹೊರಗೇ ನಿಲ್ಲಿಸಿದ್ದ. ಡಬ್ಬಿಯಲ್ಲಿದ್ದದ್ದು ಆ ಸಲದ ಕೊಯ್ಲಿನಲ್ಲಿ ಅವನ ಕೈಗೆ ಬಂದ ಅತ್ಯುತ್ತಮ ಎಲೆ. ಅದರ ತಲೆಯ ಮೇಲೆ ತನ್ನ ತಪ್ಪನ್ನು ಹೊರಿಸಿ ಅವನು ಲೋಟದತ್ತ ನೋಡುತ್ತ ಕೂತ. ಸೊಸೆ ನಿಂಬೆನೀರಿನಲ್ಲಿ ಮಾತ್ರೆ ನುಂಗಿದಳು. ಬಾಯಿ ತೆಗೆದಳು. ನಾಲಿಗೆ ಎತ್ತಿದಳು. ಈಗ ಹೇಳಬೇಕು ಎಂದು ಅವನ ಮೈಯೆಲ್ಲ ಹೇಳಿತು; ಬಾಯಿ ಮಾತ್ರ ಹೇಳಲಿಲ್ಲ. ಮಾತ್ರೆ ಇನ್ನು ಮೈಗೆ ಹತ್ತುತ್ತದೆ, ರಕ್ತ ಏರುತ್ತದೆ, ಏರಿದ ಮೇಲೆ ಈ ತಪಾಸಣೆ ತಾನಾಗಿ ನಿಲ್ಲುತ್ತದೆ, ಯಾರ ಮನಸ್ಸೂ ನೋಯದೆ ಎಲ್ಲವೂ ಸರಿಹೋಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಬೇರೆ ಪೊಟ್ಟಣದಲ್ಲಿ ಉಳಿದಿದ್ದ ಎಲೆ ದಿನಕ್ಕೊಂದು ಹೊತ್ತಿಗಷ್ಟೇ ಸಾಕೆಂದು ಹೇಳಿ, ಸಂಜೆಯ ಚಹಾವನ್ನು ಊಟಕ್ಕೆ ಬಹಳ ಮುಂಚೆ, ತೆಳ್ಳಗೆ ಮಾಡಿ ಕೊಡತೊಡಗಿದ. ಕೇಳಿದರೆ, ತನಗೆ ಅಜೀರ್ಣ ಎಂದ.

ಸೊಸೆ ಯಾವುದನ್ನೂ ಬಿಸಾಡುವವಳಲ್ಲ. ಕೆಟ್ಟ ಎಲೆಯೆಂದ ಮೇಲೆ ಆ ಡಬ್ಬಿ ಅವಳ ಕೈಗೆ ಹೋಯಿತು. ಒಂದು ಹಿಡಿಯನ್ನು ಹಳೆಯ ಕಾಲುಚೀಲಗಳಲ್ಲಿ ತುಂಬಿ ಗಂಟು ಹಾಕಿ, ವಾಸನೆ ಹೀರಿಕೊಳ್ಳಲೆಂದು ಗಂಡನ ಬೂಟುಗಳೊಳಗೆ ತುರುಕಿದಳು. ಇನ್ನೊಂದು ಹಿಡಿಯನ್ನು ಕುದಿಸಿ, ಕಲೆಬಿದ್ದ ಬಿಳಿಯ ಅಂಗಿಯನ್ನು ಅದರಲ್ಲಿ ಅದ್ದಿ ಮರಳಿನ ಬಣ್ಣಕ್ಕೆ ತಂದಳು. ಅಂಗಿ ಚೆನ್ನಾಗಿಯೇ ಆಯಿತು. ಆರಿದ ಡಿಕಾಕ್ಷನ್ನಿನಲ್ಲಿ ಬಟ್ಟೆ ಅದ್ದಿ ಕಿಟಕಿಯ ಗಾಜು ಒರೆಸಿದಳು. ಉಗ್ರಾಣದಲ್ಲಿ ನಿಂತು ನಿಂತು ಊದಿದ ಪಾದಗಳನ್ನು ಅದರ ಬಿಸಿನೀರಿನಲ್ಲಿ ಇಳಿಬಿಟ್ಟು ಕೂತಳು. ಬೋಗುಣಿಯಿಂದ ಘಮ ಏಳುತ್ತಲೇ ರುಚಿಗಾರ ಎದ್ದು ಕಿಟಕಿಯ ಬಳಿಗೆ ಹೋಗುತ್ತಿದ್ದ. ಕೂಡದು ಎನ್ನುವ ಹಾಗಿಲ್ಲ. ಒಂದು ದಿನ ಅವಳು ಪಾದ ಒರೆಸಿಕೊಳ್ಳುತ್ತ ಬಗ್ಗಿ ಮೂಸಿದಳು.

“ಇಷ್ಟು ಘಮ ಇದೆ ಮಾವ. ನಿಜವಾಗ್ಲೂ ಕೆಟ್ಟಿದೆಯಾ?”

“ಕೆಟ್ಟಿದೆ.”

ಅವಳ ಊಹೆ ಮೊದಲ ಬಾರಿ ಸರಿಬಂದ ದಿನವೇ ಅವನು ಅವಳಿಗೆ ನಿನ್ನ ಮೂಗು ಸರಿಯಿಲ್ಲ ಎಂದು ಹೇಳಿದಂತಾಗಿತ್ತು. ಅವಳು ನಂಬಿದಳು. ಬೇರೆಯವರ ಮಾತಾಗಿದ್ದರೆ ನಂಬುತ್ತಿರಲಿಲ್ಲವೇನೋ. ಎಲೆಯ ವಿಷಯದಲ್ಲಿ ಮಾವನ ಮಾತೆಂದರೆ ಅವಳಿಗೆ ಕೊನೆಯ ಮಾತು. ಆ ನಂಬಿಕೆಯೇ ಅವನ ನಿದ್ದೆ ಕೆಡಿಸಿತು. ಹೊಸ ಎಲೆ ಯಾವಾಗ ತರುತ್ತೀರಿ ಎಂದು ಅವಳು ಕೆಲವು ದಿನ ಕೇಳಿದಳು, ಆಮೇಲೆ ಕೇಳುವುದನ್ನು ಬಿಟ್ಟಳು. ಒಂದು ಬೆಳಿಗ್ಗೆ, ಗಂಡ ಮುಖ ತೊಳೆಯಲು ಹೋದಾಗ, ತಗ್ಗಿದ ದನಿಯಲ್ಲಿ, ನಾನು ಮಾತ್ರೆ ಉಗುಳುತ್ತಿದ್ದೆ ಎಂದು ನಿಮಗೂ ಅನ್ನಿಸಿದೆಯೇ, ಅದಕ್ಕೇ ಬೆಳಗಿನ ಚಹಾ ನಿಲ್ಲಿಸಿದಿರಾ ಎಂದು ಕೇಳಿದಳು. ಛೆ, ಅದೇನು ಮಾತು, ಎಲೆ ಕೆಟ್ಟಿದೆ ಅಷ್ಟೇ ಎಂದು ಅವನು ಗಡಿಬಿಡಿಯಲ್ಲಿ ಹೇಳಿದ. ಅವಳು ತಲೆಯಾಡಿಸಿದಳು. ತಪಾಸಣೆಯ ಹೊತ್ತಿನಲ್ಲಿ ಅಂದಿನಿಂದ ಅವಳು ಮಾವನತ್ತ ತಿರುಗುವುದನ್ನೂ ನಿಲ್ಲಿಸಿದಳು.

ಮೂರನೆಯ ಪರೀಕ್ಷೆಯಲ್ಲಿ ರಕ್ತ ಏರಿತು. ಅಲ್ಪಸ್ವಲ್ಪವಲ್ಲ, ದಾದಿ ಎರಡು ಸಲ ನೋಡುವಷ್ಟು. ಗಂಡಹೆಂಡಿರಿಬ್ಬರೂ ಎದುರಿಗಿದ್ದರು; ದಿನವೂ ಬಾಯಿ ತೆಗೆಸಿ ನೋಡುತ್ತಿದ್ದುದನ್ನು ಗಂಡ ಹೇಳಿದ್ದ. ದಾದಿ ಸೊಸೆಯ ಮುಖ ನೋಡದೆ ಗಂಡನ ಬೆನ್ನು ತಟ್ಟಿದಳಂತೆ.

“ನೋಡಿದ್ರಾ, ನೀವು ಕಾವಲು ಕೂತ ಮೇಲೆ ಹೇಗೆ ಏರ್ತು ಅಂತ. ನಾನು ಮೊದಲೇ ಹೇಳ್ಲಿಲ್ವಾ?”

ಅಲ್ಲಿಗೆ ಮುಗಿಯಲಿಲ್ಲ. ಪಕ್ಕದ ಕೋಣೆಯಲ್ಲಿದ್ದ ಸುರಕ್ಷಾಧಿಕಾರಿ ಈ ಮಾತು ಕೇಳಿಸಿಕೊಂಡ. ರಕ್ತವೇನೋ ಸರಿಯಾಗಿದೆ, ಸಂತೋಷ ಎಂದ. ಆದರೆ ಎರಡು ತಿಂಗಳು ಮಾತ್ರೆ ಉಗುಳಿ, ನುಂಗಿದೆ ಎಂದು ಹೇಳಿದವಳ ಕೈಗೆ, ಜನರ ತಲೆಯ ಮೇಲೆ ತೂಗುವ ಭಾರವನ್ನು ಹೇಗೆ ಕೊಡುವುದು? ನಾಳೆ ಹಗ್ಗ ಸವೆದಿದ್ದರೂ ಸರಿಯಿದೆ ಎಂದು ಮೇಲಿನಿಂದ ಹೇಳಿಬಿಟ್ಟರೆ? ಉಗ್ರಾಣದಲ್ಲಿಯೇ ಇರಲಿ ಎಂದು ಅವನು ತೀರ್ಮಾನ ಹೇಳಿದ.

ಸಂಜೆ ಇದನ್ನೆಲ್ಲ ಮಗನೇ ಮೇಜಿನ ಬಳಿ ಕೂತು ತಂದೆಗೆ ವರದಿ ಒಪ್ಪಿಸಿದ. ಗೆದ್ದವನ ದನಿಯಿರಲಿಲ್ಲ, ಕ್ಯಾಬಿನ್ನು ಹೋದದ್ದಕ್ಕೆ ಅವನಿಗೂ ಬೇಸರವಾಗಿತ್ತು. ಆದರೆ ಮೈ ಸರಿಯಾಯಿತಲ್ಲ, ನೆಲದ ಮೇಲಿನ ಕೆಲಸವೇ ಕ್ಷೇಮ ಎಂದು ಸಮಾಧಾನ ಹುಡುಕುತ್ತಿದ್ದ. ಸೊಸೆ ಕಿಟಕಿಗೆ ಒರಗಿ ನಿಂತಿದ್ದಳು. ಉಟ್ಟ ಬಟ್ಟೆಯನ್ನೂ ಬದಲಿಸಿರಲಿಲ್ಲ.

“ನಾನು ನುಂಗ್ತಿದ್ದೆ ರೀ,” ಎಂದಳು.

“ಆಯ್ತು ಬಿಡು. ಈಗ ಯಾಕೆ ಅದೆಲ್ಲ.”

ಅವನ ದನಿಯಲ್ಲಿದ್ದದ್ದು ಕ್ಷಮೆ. ಮಾಡದ ತಪ್ಪಿಗೆ ಸಿಕ್ಕ ಆ ಕ್ಷಮೆಯನ್ನು ಅವಳು ಹೇಗೆ ನುಂಗಿದಳೆಂಬುದನ್ನು ರುಚಿಗಾರ ನೋಡಿದ. ತಾನು ಗುಟ್ಟಾಗಿ ಮಾಡಿದ ತಿದ್ದುಪಡಿ ಎಲ್ಲಿಗೆ ಬಂದು ಮುಟ್ಟಿತೆಂಬುದು ಆಗ ಅವನಿಗೆ ಪೂರ್ತಿಯಾಗಿ ಕಂಡಿತು. ರಕ್ತ ಏರದಿದ್ದಾಗ ಅವಳ ಮೇಲೆ ಇದ್ದದ್ದು ಬರಿಯ ಅನುಮಾನ. ಏರಿಸಿ, ಕಾರಣವನ್ನು ಮುಚ್ಚಿಟ್ಟು, ಆ ಅನುಮಾನಕ್ಕೆ ಪುರಾವೆ ಒದಗಿಸಿದವನು ತಾನು.

“ಅವಳು ನುಂಗ್ತಿದ್ದಳು ಕಣೋ,” ಎಂದ. “ಕೆಡಿಸಿದ್ದು ನಾನು.”

ಮಗನಿಗೆ ಅರ್ಥವಾಗಲಿಲ್ಲ. ರುಚಿಗಾರ ಎಲ್ಲವನ್ನೂ ಹೇಳಿದ. ಒಗರು, ಕಬ್ಬಿಣ, ಶಾಯಿಯಾದ ಬಟ್ಟಲುಗಳು, ಉಪನ್ಯಾಸ, ನಿಂಬೆನೀರು. ಎಲೆ ಕೆಟ್ಟಿರಲಿಲ್ಲವೆಂಬುದನ್ನೂ ಹೇಳಿದ; ಅದನ್ನು ಎಲ್ಲಕ್ಕಿಂತ ಕೊನೆಗೆ. ಸೊಸೆ ಕಿಟಕಿಯಿಂದ ಕದಲಲಿಲ್ಲ. ಮಗ, ಕಳ್ಳ ತಂತಿ ಯಾವ ಗೋಡೆಯಲ್ಲಿದೆಯೆಂದು ಬಲ್ಲವನ ಹಾಗೆ, ಕೇಳಬೇಕಾದ ಒಂದೇ ಪ್ರಶ್ನೆಯನ್ನು ಕೇಳಿದ.

“ನಿಮಗೆ ಯಾವಾಗ ಗೊತ್ತಾಯ್ತು ಅಪ್ಪ?”

ಇವತ್ತು ಎಂದು ಹೇಳಬಹುದಿತ್ತು. ಹಾಗೆ ಹೇಳಿದ್ದರೆ ಅದು ಬರಿಯ ಅರಿಯದ ತಪ್ಪಾಗಿ, ನಾಲ್ಕು ದಿನದಲ್ಲಿ ಮನೆಯವರೆಲ್ಲ ನಗಾಡುವ ಕತೆಯಾಗಿಬಿಡುತ್ತಿತ್ತು.

“ಹೋದ ತಿಂಗಳು,” ಎಂದ ರುಚಿಗಾರ.

ಮಗ ಮೇಜಿನ ಮೇಲಿದ್ದ ತನ್ನ ಕೈಗಳನ್ನು ನೋಡಿಕೊಂಡ. ತಾನು ಪ್ರತಿ ಬೆಳಿಗ್ಗೆ ಕೂರುತ್ತಿದ್ದ ಕುರ್ಚಿಯಿಂದ ಎದ್ದ. ಅದನ್ನು ಗೋಡೆಗೆ ಒತ್ತಿಟ್ಟು ಕೋಣೆಗೆ ಹೋದ.

ಮರುದಿನ ರುಚಿಗಾರ ಕೆಲಸಕ್ಕೆ ರಜೆ ಹೇಳಿ ಸೊಸೆಯ ಜೊತೆ ಯಾರ್ಡಿಗೆ ಹೋದ. ಬರುತ್ತೇನೆ ಎಂದಾಗ ಅವಳು ಬೇಡವೆನ್ನಲಿಲ್ಲ, ಬನ್ನಿ ಎನ್ನಲೂ ಇಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತರೂ ಹೊರಗೆ ನೋಡುತ್ತಿದ್ದಳು. ಆರೋಗ್ಯ ಕೊಠಡಿಯಲ್ಲಿ ಸುರಕ್ಷಾಧಿಕಾರಿಯೂ ದಾದಿಯೂ ಇದ್ದರು. ಕೂತುಕೊಳ್ಳಿ ಎಂದರೂ ರುಚಿಗಾರ ನಿಂತೇ ಹೇಳಿದ. ಕಸುಬಿನಲ್ಲಿ ಅವನ ಮಾತಿಗೆ ಎದುರಾಡಿದವರು ಕಡಿಮೆ. ಇಲ್ಲಿ ಅವನು ತನ್ನದೇ ವಿರುದ್ಧ ಮಾತಾಡುತ್ತಿದ್ದುದರಿಂದ ಎದುರಾಡಲು ಯಾರಿಗೂ ಏನೂ ಉಳಿಯಲಿಲ್ಲ. ಸೊಸೆ ಒಂದು ಮಾತ್ರೆಯನ್ನೂ ಉಗುಳಿಲ್ಲ, ಒಂದು ಸುಳ್ಳನ್ನೂ ಆಡಿಲ್ಲ, ಸುಳ್ಳು ತನ್ನದು ಎಂದ. ದಾದಿಯ ಮುಖ ಕೆಂಪಾಯಿತು. ಚಹಾದ ಜೊತೆ ತೆಗೆದುಕೊಳ್ಳಬೇಡಿ ಎಂದು ಚೀಟಿ ಕೊಡುವಾಗಲೇ ಹೇಳಬೇಕಿತ್ತು, ಯಾವಾಗಲೂ ಹೇಳುತ್ತಿದ್ದೆ, ಅವತ್ತು ಮರೆತೆನೇನೋ ಎಂದು ಗೊಣಗಿದಳು. ಆ ಗೊಣಗಾಟದಲ್ಲಿ ಪಾಲು ಕೇಳಿ ತನ್ನ ಹೊರೆ ಇಳಿಸಿಕೊಳ್ಳಬಹುದಿತ್ತು, ರುಚಿಗಾರ ಕೇಳಲಿಲ್ಲ. ಅಧಿಕಾರಿ, ನಾಳೆ ಬೆಳಗಿನ ಪಾಳಿಗೆ ಮೇಲೆ ಹತ್ತಿ ಎಂದು ಸೊಸೆಗೆ ಹೇಳಿದ. ನಿನ್ನೆಯ ಮಾತಿಗೆ ಬೇಸರ ಮಾಡಿಕೊಳ್ಳಬೇಡಿ ಎಂದೂ ಸೇರಿಸಿದ.

ಹೊರಗೆ ಬಂದಾಗ ಉಗ್ರಾಣದ ಬಾಗಿಲಲ್ಲಿ ನಿಂತಿದ್ದ ಯಾರೋ, ಮೇಲ್ಮನೆ ಮತ್ತೆ ಸೇರಿತೋ ಎಂದು ಕೂಗಿದರು. ಅವಳು ಕೈ ಬೀಸಿದಳು. ಮುಖದಲ್ಲಿ ಒಂದು ಗಳಿಗೆ ಹಳೆಯ ನಗು ಬಂದು ಹೋಯಿತು. ರುಚಿಗಾರ ಆ ನಗುವಿನ ಆಸರೆ ಹಿಡಿದು, ತಪ್ಪಾಯಿತು ಮಗು ಎಂದ.

“ಟೀ ವಿಷಯಕ್ಕೆ ನನಗೆ ಕೋಪ ಇಲ್ಲ ಮಾವ. ನಿಮಗೆ ಗೊತ್ತಿರ್ಲಿಲ್ಲ, ನೀವು ಪ್ರೀತಿಯಿಂದ ಕೊಟ್ರಿ, ನಾನೂ ಇಷ್ಟಪಟ್ಟು ಕುಡಿದೆ,” ಎಂದಳು. ಲಾರಿಯೊಂದು ಹಾದುಹೋಗುವ ತನಕ ತಡೆದು ಮುಂದುವರಿಸಿದಳು. “ನಿಮಗೆ ಗೊತ್ತಾದ ಮೇಲೂ ನಾನು ದಿನಾ ಬಾಯಿ ತೆಗೆದು ತೋರಿಸ್ತಿದ್ದೆ. ನೀವು ಎದುರಿಗೇ ಕೂತು ಲೋಟ ನೋಡ್ತಿದ್ರಿ.”

ಅಷ್ಟು ಹೇಳಿ ಅವಳು ಒಳಗೆ ಹೋದಳು. ಉಗ್ರಾಣದ ಕೊನೆಯ ದಿನದ ಕೆಲಸ ಬಾಕಿಯಿತ್ತು.

ಮರುದಿನ ಬೆಳಿಗ್ಗೆ ರುಚಿಗಾರ ಎಂದಿನಂತೆ ಎದ್ದ. ಮಗ ಮೇ‌ಜಿನ ಬಳಿಗೆ ಬರಲೇ ಇಲ್ಲ; ಕೋಣೆಯಲ್ಲಿಯೇ ಬೂಟಿನ ದಾರ ಕಟ್ಟುತ್ತ ಬಹಳ ಹೊತ್ತು ಕಳೆದ. ಸೊಸೆ ಮರಳಿನ ಬಣ್ಣದ ಅಂಗಿ ತೊಟ್ಟು ಬಂದಳು. ಮಾತ್ರೆಯ ಪಟ್ಟಿ ಮಾವನ ಕಪಾಟಿನಲ್ಲಿರಲಿಲ್ಲ, ಅವಳ ಜೇಬಿನಲ್ಲಿತ್ತು. ತಾನೇ ಒಂದನ್ನು ಬಿಡಿಸಿ, ನಲ್ಲಿಯ ನೀರು ಹಿಡಿದು, ಗೋಡೆಯ ಕಡೆ ತಿರುಗಿ ನುಂಗಿದಳು. ಯಾರಿಗೂ ಏನನ್ನೂ ತೋರಿಸಲಿಲ್ಲ. ರುಚಿಗಾರ ಒಲೆಯ ಮುಂದೆ ಬರಿಗೈಯಲ್ಲಿ ನಿಂತಿದ್ದ. ಚಹಾ ಯಾವಾಗ ಮಾಡಲಿ ಎಂದು, ಅನುಮತಿ ಬೇಡುವವನಂತೆ ಕೇಳಿದ.

ಅವಳು ಗಡಿಯಾರದ ಕಡೆ ನೋಡಿದಳು.

“ಒಂದೆರಡು ಗಂಟೆ ಬಿಡಬೇಕಲ್ಲ ಮಾವ. ಅಷ್ಟೊತ್ತಿಗೆ ನಾನು ಮೇಲಿರ್ತೀನಿ.”

ಸಂಜೆಗೆ ಎಂದು ಅವನು ಕೇಳಲಿಲ್ಲ. ಅವಳೇ ಬಾಗಿಲ ಬಳಿ ನಿಂತು, ಬೂಟು ಮೆಟ್ಟಿ, ಸಂಜೆ ನೋಡೋಣ ಎಂದು ಹೇಳಿ ಇಳಿದು ಹೋದಳು. ಮೆಟ್ಟಿಲುಗಳ ಮೇಲೆ ಅವಳ ಹೆಜ್ಜೆ ಗಟ್ಟಿಯಾಗಿತ್ತು, ರಕ್ತ ತುಂಬಿದವರ ಹೆಜ್ಜೆ. ಅದು ಕೇಳಿಸದಾಗುವ ತನಕ ರುಚಿಗಾರ ಒಲೆ ಹಚ್ಚಲಿಲ್ಲ.